ಡೈರೆಕ್ಟ್ ಕೊಟ್ಟ ಮೋಟರು

ನಮ್ಮ ಮನೆಯಲ್ಲಿ ಕರೆಂಟಿಗೆ ಹೆದರುವವಳು ನಾನೊಬ್ಬಳೇ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟುವುದಿಲ್ಲ, ಗೀಸರ್ ಆರಿಸದೆ ಯಾರನ್ನೂ ಬಚ್ಚಲಿಗೆ ಬಿಡುವುದಿಲ್ಲ, ಗುಡುಗು ಶುರುವಾದರೆ ಮನೆಯ ಪ್ಲಗ್ಗುಗಳನ್ನೆಲ್ಲ ಕೀಳಿಸುತ್ತೇನೆ. ನಮ್ಮ ಯಜಮಾನರು ಇದನ್ನು ಬಂದ ನೆಂಟರಿಗೆಲ್ಲ ಹೇಳಿ ನಗಿಸುತ್ತಾರೆ. "ಟಾರ್ಚ್ ಹಾಕೋಕೂ ಯೋಚ್ನೆ ಮಾಡ್ತಾಳೆ ನಮ್ಮೋಳು" ಎನ್ನುತ್ತಾರೆ. ನಗುವವರು ನಗಲಿ. ನಾನು ಕಂಡದ್ದನ್ನು ಅವರು ಕಂಡಿಲ್ಲ.

ನಾನು ಲಂಗ ಉಡುವ ವಯಸ್ಸಿನಲ್ಲಿದ್ದಾಗ ತವರಿನ ಹೊಲದಲ್ಲಿ ಪಂಪ್‌ಸೆಟ್ಟಿನ ಮನೆಯ ಮುಂದೆ ನೀರಿನ ಕಾಲುವೆ ಹರಿಯುತ್ತಿತ್ತು. ಒಂದು ಬೆಳಿಗ್ಗೆ ಅಪ್ಪ ನಮ್ಮ ಹಸುವನ್ನು ನೀರು ಕುಡಿಸಲು ಅಲ್ಲಿಗೆ ಹಿಡಿದು ತಂದರು. ಹಸು ಕಾಲುವೆಯ ಹತ್ತಿರ ಬಂದು ನಿಂತುಬಿಟ್ಟಿತು, ಏನು ಮಾಡಿದರೂ ಮುಂದೆ ಹೆಜ್ಜೆ ಇಡಲಿಲ್ಲ. ಅಪ್ಪ ಬೈದುಕೊಂಡು ಹಿಂದಿನಿಂದ ತಳ್ಳಿದರು. ಮುಂಗಾಲು ನೀರಿಗೆ ತಾಗಿದ್ದೇ ತಡ, ಹಸು ಮಗ್ಗುಲಾಗಿ ಬಿತ್ತು. ಅರಚಲೂ ಇಲ್ಲ. ಅಪ್ಪ ಓಡಿ ಹೋಗಿ ಫ್ಯೂಸ್ ಕೀಳುವಷ್ಟರಲ್ಲಿ ಎಲ್ಲ ಮುಗಿದಿತ್ತು. ನೀರು ಮಾತ್ರ ಮೊದಲಿನ ಹಾಗೇ ತಣ್ಣಗೆ, ತಿಳಿಯಾಗಿ ಹರಿಯುತ್ತಲೇ ಇತ್ತು. ಅವತ್ತಿನಿಂದ ಮೋಟರಿನ ಹತ್ತಿರ ನೀರು ಕಂಡರೆ ನನಗೆ ಕೈಕಾಲು ತಣ್ಣಗಾಗುತ್ತವೆ.

ಅಂಥವಳ ಹಿತ್ತಲಲ್ಲೇ ಈಜುಕೊಳ ಆಯಿತು. ಈಜುಕೊಳ ಎನ್ನುವುದು ಮೇಲಿನ ಮಹಡಿಯ ಬಾಡಿಗೆಯವರ ಮಾತು. ಅತ್ತೆ ಅದನ್ನು ತೊಟ್ಟಿ ಎನ್ನುತ್ತಾರೆ, ಅದೇ ಸರಿ. ನಮ್ಮದು ಬಿಳೇಕಹಳ್ಳಿಯ ಹಳೆಯ ಮನೆತನ. ಮಾವನವರು ರಾಗಿ, ಸೊಪ್ಪು ಬೆಳೆಯುತ್ತಿದ್ದ ನೆಲದಲ್ಲಿ ಈಗ ಬಾಡಿಗೆ ಮನೆಗಳು ನಿಂತಿವೆ. ಬಾವಿ ಮುಚ್ಚಿದ ಜಾಗದ ಮೇಲೆ ಮಾತ್ರ ಮನೆ ಕಟ್ಟಬಾರದು ಎಂದು ಅತ್ತೆ ಹಠ ಹಿಡಿದದ್ದರಿಂದ ಹಿತ್ತಲಲ್ಲಿ ಒಂದಿಷ್ಟು ನೆಲ ಖಾಲಿ ಉಳಿದಿತ್ತು. ಮಾವನವರು ತೀರಿಕೊಂಡ ಮೇಲೂ ಆ ಹಠ ಸಡಿಲಾಗಲಿಲ್ಲ.

ಅತ್ತೆಯ ಎರಡೂ ಮಂಡಿ ಸವೆದಿವೆ. ಆಪರೇಷನ್ ಎಂದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ಜಯನಗರದ ಡಾಕ್ಟರು ಹೇಳಿ ಹೇಳಿ ಸೋತು, "ಹಂಗಾದ್ರೆ ದಿನಾ ನೀರಲ್ಲಿ ನಡೀರಿ ಅಜ್ಜಿ, ಮಂಡಿ ಮೇಲೆ ಭಾರ ಬೀಳಲ್ಲ" ಎಂದರು. ಜೆ.ಪಿ. ನಗರದ ಒಂದು ಈಜುಕೊಳಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಚಡ್ಡಿ ಹಾಕಿಕೊಂಡು ನಿಂತ ಗಂಡಸರನ್ನು ಕಂಡು ಅತ್ತೆ ಬಾಗಿಲಿನಿಂದಲೇ ತಿರುಗಿದರು. "ಇವ್ರ ಮಧ್ಯೆ ನಾನು ಒದ್ದೆ ಸೀರೇಲಿ ನಿಂತ್ಕೋಬೇಕಾ? ಮಂಡಿ ಹೋದ್ರೆ ಹೋಗ್ಲಿ, ಮಾನ ಇರ್ಲಿ" ಎಂದರು. ಆ ಮಾತು ಕೇಳಿದ ನಮ್ಮ ಯಜಮಾನರು ಬಾವಿಯ ಜಾಗದಲ್ಲೇ ತೊಟ್ಟಿ ಕಟ್ಟಿಸಿಬಿಟ್ಟರು. ಎದೆಮಟ್ಟದ ನೀರು, ಇಳಿಯಲು ಮೆಟ್ಟಿಲು, ಹಿಡಿದುಕೊಳ್ಳಲು ಸ್ಟೀಲ್ ಕಂಬಿ. ಒಂದು ಮೂಲೆಯಲ್ಲಿ ಸಿಮೆಂಟಿನ ಗೂಡು, ಅದರೊಳಗೆ ನೀರನ್ನು ಎಳೆದು ಸೋಸಿ ವಾಪಸ್ಸು ಬಿಡುವ ಮೋಟರು. ಸೋಸಿದ ನೀರು ಗೋಡೆಯ ಒಂದು ಕಿಂಡಿಯಿಂದ ರಭಸವಾಗಿ ಬರುತ್ತದೆ. ಅತ್ತೆ ನಡೆದು ಸುಸ್ತಾದ ಮೇಲೆ ಆ ಕಿಂಡಿಗೆ ಮಂಡಿ ಕೊಟ್ಟು ಕಣ್ಣು ಮುಚ್ಚಿ ನಿಲ್ಲುತ್ತಾರೆ. ಮೋಟರ್ ಆರಿಸಿ ಇಳಿಯಿರಿ ಎಂದು ನಾನು ಹೇಳದ ದಿನವಿಲ್ಲ. "ಆ ನೀರಿನ ಏಟಿಗೇ ಕಣಮ್ಮ ನೋವು ಹೋಗೋದು. ಮೋಟರ್ ಇಲ್ದೆ ಇಳ್ಯೋಕೆ ಬಚ್ಚಲು ಸಾಲ್ದಾ?" ಎಂದು ಅವರು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ತೊಟ್ಟಿಗೆ ಅತ್ತೆಯದೇ ಒಂದು ಕಾನೂನಿತ್ತು. ಅದು ಬಾವಿ ಇದ್ದ ಜಾಗ, ಗಂಗಮ್ಮ ಇರುವ ಜಾಗ. ಅಲ್ಲಿಗೆ ಯಾರೂ ಚಪ್ಪಲಿ ಮೆಟ್ಟಿಕೊಂಡು ಹೋಗುವಂತಿಲ್ಲ. ಹಿತ್ತಲ ಬಾಗಿಲಲ್ಲೇ ಬಿಡಬೇಕು. ನಮ್ಮ ಯಜಮಾನರೂ ಬಿಡುತ್ತಿದ್ದರು.

ಹೋದ ಆಷಾಢದಲ್ಲಿ ಮೋಟರು ಕಲ್ಲು ಅಗಿದ ಹಾಗೆ ಸದ್ದು ಮಾಡತೊಡಗಿತು. ಅದರ ಕೆಳಗೆ ಸಣ್ಣಗೆ ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ ಒಂದು ದಿನ ಗೂಡಿನೊಳಗಿನ ಟ್ರಿಪ್ ಸ್ವಿಚ್ಚು ಟಕ್ಕೆಂದು ಬಿತ್ತು. ಕರೆಂಟು ಎಲ್ಲಾದರೂ ಸೋರಿದರೆ ತಾನಾಗಿ ಕೆಳಗೆ ಬಿದ್ದು ಎಲ್ಲವನ್ನೂ ಆರಿಸುವ ಸ್ವಿಚ್ಚು ಅದು. ತೊಟ್ಟಿ ಕಟ್ಟುವಾಗ ನಾನು ಕೇಳಿ ಹಾಕಿಸಿಕೊಂಡದ್ದು ಅದೊಂದನ್ನೇ. ಯಜಮಾನರು ಅದನ್ನು ಮೇಲೆತ್ತಿದರು, ಅದು ಬಿತ್ತು. ಮತ್ತೆ ಎತ್ತಿದರು, ಮತ್ತೆ ಬಿತ್ತು.

"ಅಂಗಡಿಗೆ ಕೊಟ್ಟುಬಿಡ್ರಿ" ಎಂದೆ.

"ಮೋಟರ್ ಬಿಚ್ಚೋಕೆ ನಾನು ಇನ್ನೊಬ್ರ ಹತ್ರ ಹೋಗ್ಬೇಕಾ? ಅಪ್ಪನ ಜೊತೆ ಬಾವಿಗಿಳಿದು ಪಂಪ್‌ಸೆಟ್ ಎತ್ತಿದೋನು ಕಣೇ ನಾನು" ಎಂದರು. ಅಲ್ಲಿಗೆ ಮಾತು ಮುಗಿಯಿತು.

ವರಾಂಡದಲ್ಲಿ ಗೋಣಿಚೀಲ ಹಾಸಿ ಮೋಟರನ್ನು ಬಿಚ್ಚಿ ಹರಡಿದರು. ಬಿಚ್ಚುವಾಗ ಅವರ ಮುಖ ನೋಡಬೇಕು. ಬಾಡಿಗೆ ಮನೆಗಳ ಯಜಮಾನಿಕೆ ಮಾಡಿಕೊಂಡು ಕೂತ ಮನುಷ್ಯನಿಗೆ ಎಷ್ಟೋ ವರ್ಷದ ಮೇಲೆ ಕೈಗೆ ಕೆಲಸ ಸಿಕ್ಕಿತ್ತು. ಮೈಯೆಲ್ಲ ಗ್ರೀಸು. ಸವೆದ ಬೇರಿಂಗು ಕಿತ್ತು ಹೊಸದು ತಂದರು. ಅದು ಬಿಗಿಯಾಗಿ ಕೂರಬೇಕಾದರೆ ಮೊದಲು ಬಿಸಿ ಮಾಡಬೇಕಂತೆ. ಒಂದು ಮಾತೂ ಕೇಳದೆ ನನ್ನ ದೋಸೆ ಹೆಂಚಿನ ಮೇಲೆ ಇಟ್ಟು ಕಾಯಿಸಿದರು. ಆ ಹೆಂಚಿನಲ್ಲಿ ಅದಾದ ಮೇಲೆ ದೋಸೆ ಏಳಲೇ ಇಲ್ಲ. ನೀರು ಸೋರುತ್ತಿದ್ದ ಕಡೆ ಸೀಲ್ ಬದಲಾಯಿಸಿದರು. ಒಳಗಿನ ತಾಮ್ರದ ಸುರುಳಿಗೆ ನೀರು ಹತ್ತಿದೆ, ಒಣಗಬೇಕು ಎಂದು ತಾರಸಿಗೆ ಹೊತ್ತು ಇಟ್ಟರು. ಆಷಾಢದಲ್ಲಿ ಬಿಸಿಲು ಎಲ್ಲಿಂದ ಬರಬೇಕು? ಮೋಡ ಮುಚ್ಚಿಕೊಂಡು ಜಿನುಗುತ್ತಲೇ ಇತ್ತು. ಹನಿ ಬಿದ್ದಾಗ ಒಳಗೆ ತರುವುದು, ನಿಂತಾಗ ಹೊರಗೆ ಇಡುವುದು, ಹಪ್ಪಳಕ್ಕೂ ನಾನು ಅಷ್ಟು ಓಡಾಡಿಲ್ಲ. ಕೊನೆಗೆ ಮೇಲಿನ ಮಹಡಿಯ ಹುಡುಗಿಯ ಹತ್ತಿರ ಕೂದಲು ಒಣಗಿಸುವ ಯಂತ್ರ ಇಸಿದುಕೊಂಡು ಬಂದು ಮೋಟರಿನ ಹೊಟ್ಟೆಗೆ ಬಿಸಿಗಾಳಿ ಊದಿದರು.

ನಾನು ನಕ್ಕೆ. ಆದರೆ ಅವರ ಅವಸರ ನನಗೂ ಅರ್ಥವಾಗುತ್ತಿತ್ತು. ನೀರಿಗಿಳಿಯದೆ ಅತ್ತೆಯ ಮಂಡಿ ಮತ್ತೆ ಊದಿತ್ತು. ಬಚ್ಚಲಿಗೆ ಹೋಗಲು ಗೋಡೆ ಹಿಡಿಯುತ್ತಿದ್ದರು. ವರಾಂಡದ ಕುರ್ಚಿಯಲ್ಲಿ ಕೂತು, "ಆಯ್ತೇನೋ? ಇನ್ನೂ ಆಗ್ಲಿಲ್ವೇನೋ?" ಎಂದು ಗಳಿಗೆಗೊಮ್ಮೆ ಕೇಳುತ್ತಿದ್ದರು. ನೋವಿಗೆ ಅವರ ಕಣ್ಣಲ್ಲಿ ನೀರು ಬಂದದ್ದನ್ನು ಒಮ್ಮೆ ಮಗ ನೋಡಿಬಿಟ್ಟರು. ಅವತ್ತೇ ಸಂಜೆ ಮೋಟರನ್ನು ಜೋಡಿಸಿ ಗೂಡಿನಲ್ಲಿ ಕೂರಿಸಿದರು.

ಮಾರನೆಯ ದಿನ ಸೋಮವಾರ. ಬೆಳಿಗ್ಗೆ ಅಡಿಗೆಮನೆಯಲ್ಲಿದ್ದ ನನಗೆ ಗೂಡಿನಿಂದ ಟಕ್, ಟಕ್ ಎಂದು ಸ್ವಿಚ್ಚು ಬೀಳುವ ಸದ್ದು ಕೇಳಿಸಿತು. ಜೊತೆಗೆ ಯಜಮಾನರ ಬೈಗುಳ. ಸ್ವಲ್ಪ ಹೊತ್ತು ಎಲ್ಲ ನಿಶ್ಶಬ್ದ. ಆಮೇಲೆ ಮೋಟರು ಗುಂಯ್ ಎಂದು ನುಣ್ಣಗೆ ತಿರುಗಿತು. ಅತ್ತೆ ಮಗುವಿನ ಹಾಗೆ ಖುಷಿಯಿಂದ ಸೀರೆ ಎತ್ತಿ ಕಟ್ಟಿಕೊಂಡು ಹೊರಟರು. ನಾನು ಅವರನ್ನು ಹಿತ್ತಲ ಬಾಗಿಲ ತನಕ ಬಿಟ್ಟು ಬಂದೆ. ಯಜಮಾನರು ತೊಟ್ಟಿಯ ಪಕ್ಕ ಕೂತು ನೀರಿಗೆ ಕೈ ಅದ್ದಿ ನೋಡುತ್ತಿದ್ದರು.

"ಲೋ, ಚಪ್ಪಲಿ ಬಿಡೋ. ಗಂಗಮ್ಮನ ಹತ್ರ ಮೆಟ್ಕೊಂಡು ಬಂದಿದೀಯಲ್ಲ" ಎಂದು ಅತ್ತೆ ಗದರಿದ್ದು ಕೇಳಿಸಿತು.

"ಕಾಲಲ್ಲಿ ಆಣಿ ಎದ್ದಿದೆ ಅಮ್ಮ. ನೀನು ಇಳಿ, ಏನೂ ಇಲ್ಲ" ಎಂದರು.

ಕಾಲಿನ ಆಣಿಯ ವಿಷಯ ನನಗೆ ಹೊಸದು. ಆದರೂ ಒಲೆಯ ಮೇಲೆ ಹಾಲಿತ್ತು, ಒಳಗೆ ಬಂದೆ. ಅವರು ಅಂಗಡಿಗೆ ಹೋಗಿಬರುತ್ತೇನೆಂದು ಸ್ಕೂಟರ್ ತೆಗೆದರು.

ಒಗ್ಗರಣೆಗೆ ಕರಿಬೇವು ಬೇಕಾಗಿ ಹಿತ್ತಲಿಗೆ ಹೋದೆ. ಗಿಡ ಇರುವುದು ಮೋಟರಿನ ಗೂಡಿನ ಪಕ್ಕ. ಗೂಡಿನ ಬಾಗಿಲು ಅರ್ಧ ತೆರೆದಿತ್ತು. ಎಲೆ ಕೀಳುತ್ತಾ ಸುಮ್ಮನೆ ಒಳಗೆ ಕಣ್ಣು ಹಾಯಿಸಿದೆ. ಟ್ರಿಪ್ ಸ್ವಿಚ್ಚಿನ ಹಿಡಿ ಕೆಳಗೆ ಬಿದ್ದಿತ್ತು. ಮೋಟರು ತಿರುಗುತ್ತಲೇ ಇತ್ತು.

ನನಗೆ ಮೊದಲು ಅರ್ಥವೇ ಆಗಲಿಲ್ಲ. ಹಿಡಿ ಕೆಳಗಿದ್ದರೆ ಮೋಟರಿಗೆ ಕರೆಂಟು ಹೋಗುವಂತಿಲ್ಲ. ಆಮೇಲೆ ಆ ಹೊಸ ವೈರು ಕಂಡಿತು. ಸ್ವಿಚ್ಚಿನ ಮೇಲಿನಿಂದ ಹೊರಟು, ಸ್ವಿಚ್ಚನ್ನು ಬಳಸಿಕೊಂಡು, ಕಪ್ಪು ಟೇಪು ಸುತ್ತಿಸಿಕೊಂಡು ನೇರ ಮೋಟರ್ ಹಾಕುವ ಗುಂಡಿಗೆ ಇಳಿದಿತ್ತು.

ಡೈರೆಕ್ಟ್ ಕೊಟ್ಟಿದ್ದರು. ಪಂಪ್‌ಸೆಟ್ಟಿನ ಕಾಲದಲ್ಲಿ ನಮ್ಮ ಕಡೆ ಎಲ್ಲ ರೈತರಿಗೂ ಗೊತ್ತಿದ್ದ ವಿದ್ಯೆ ಇದು. ವೋಲ್ಟೇಜ್ ಸಾಲದೆ ಸ್ಟಾರ್ಟರು ಪದೇ ಪದೇ ಬೀಳುತ್ತಿತ್ತು. ಕರೆಂಟು ಇರುವುದೇ ಸ್ವಲ್ಪ ಹೊತ್ತು, ಅಷ್ಟರಲ್ಲಿ ನೀರು ಹಾಯಿಸದಿದ್ದರೆ ಸೊಪ್ಪು ಬಾಡುತ್ತದೆ. ಹಾಗಾಗಿ ಸ್ಟಾರ್ಟರಿನ ಹಿಡಿಗೆ ಗೋಣಿದಾರ ಕಟ್ಟಿ ನಿಲ್ಲಿಸುತ್ತಿದ್ದರು. ಅದಕ್ಕೂ ಬಗ್ಗದಿದ್ದರೆ ಸ್ಟಾರ್ಟರನ್ನೇ ಬಿಟ್ಟು ವೈರನ್ನು ನೇರ ಮೋಟರಿಗೆ ಕೊಡುತ್ತಿದ್ದರು. ಮಾವನವರು ಮಾಡುತ್ತಿದ್ದರು, ನಮ್ಮಪ್ಪನೂ ಮಾಡುತ್ತಿದ್ದರು. ಅವರ ಪಾಲಿಗೆ ಬೀಳುವ ಸ್ವಿಚ್ಚು ಎಂದರೆ ಕೆಲಸಗಳ್ಳ. ಅದು ಏನನ್ನೋ ಹೇಳುತ್ತಿದೆ ಎಂದು ಅವರಿಗೆ ಅನ್ನಿಸುವುದೇ ಇಲ್ಲ.

ತಿರುಗಿ ನೋಡಿದೆ. ಅತ್ತೆ ಕಿಂಡಿಗೆ ಮಂಡಿ ಕೊಟ್ಟು, ಎದೆಮಟ್ಟದ ನೀರಿನಲ್ಲಿ ಕಣ್ಣು ಮುಚ್ಚಿ ನಿಂತಿದ್ದರು. ನೀರು ತಣ್ಣಗೆ, ತಿಳಿಯಾಗಿತ್ತು.

ಮೋಟರ್ ಆರಿಸಬೇಕಾದರೆ ಗೂಡಿನೊಳಗೆ ಕೈ ಹಾಕಬೇಕು. ನೆಲ ಒದ್ದೆ, ನನ್ನದು ಬರಿಗಾಲು, ಆರಿಸುವ ಗುಂಡಿಯ ಮುಂದೆಯೇ ಆ ವೈರು ಜೋತುಬಿದ್ದಿತ್ತು. ಮನೆಯ ಮೇನ್ ಇರುವುದು ಮುಂದಿನ ಗೇಟಿನ ಹತ್ತಿರ. ಅಲ್ಲಿಗೆ ಓಡಿದರೆ ಅತ್ತೆ ಕಣ್ಣಿಗೆ ಮರೆಯಾಗುತ್ತಾರೆ. ಕಿರುಚಿದರೆ ಗಾಬರಿಯಾಗಿ ಸ್ಟೀಲ್ ಕಂಬಿಯನ್ನೇ ಹಿಡಿಯುತ್ತಾರೆ. ಕಂಬಿಯನ್ನು ನೋಡಿದರೆ ನನಗೆ ಅಪ್ಪನ ಹಸುವಿನ ಮುಂಗಾಲೇ ಕಾಣುತ್ತಿತ್ತು.

"ಅತ್ತೆ, ನಿಮ್ಮ ತಮ್ಮ ಫೋನ್ ಮಾಡಿದಾರೆ. ಬೇಗ ಬರ್ಬೇಕಂತೆ" ಎಂದೆ.

"ಆಮೇಲೆ ಮಾಡ್ತೀನಿ ಅನ್ನು."

"ಈಗ್ಲೇ ಬೇಕಂತೆ ಅತ್ತೆ. ಕಂಬಿ ಹಿಡೀಬೇಡಿ, ಪಾಚಿ ಕಟ್ಟಿದೆ, ಜಾರುತ್ತೆ. ಬನ್ನಿ, ನನ್ನ ಕೈ ಹಿಡ್ಕೊಳ್ಳಿ."

ಗೊಣಗಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿದರು. ಅಷ್ಟು ಊದಿದ ಮಂಡಿ, ಬೇಗ ಬನ್ನಿ ಎಂದರೂ ಬರಲಾಗದು. ನಾನು ಒಣ ಕಲ್ಲಿನ ಮೇಲೆ ನಿಂತು ಕೈ ಚಾಚಿದೆ. ಅವರ ಒದ್ದೆ ಕೈ ನನ್ನ ಕೈ ಮುಟ್ಟಿದಾಗ ಜುಮ್ಮೆಂದಿತು. ಅದು ಕರೆಂಟೋ ನನ್ನ ಹೆದರಿಕೆಯೋ ಇವತ್ತಿಗೂ ಗೊತ್ತಿಲ್ಲ. ಬಿಡದೆ ಎಳೆದುಕೊಂಡೆ. ಅವರು ಮೇಲೆ ಬಂದ ಮೇಲೆ ನಾನು ಅಲ್ಲೇ ಕೂತುಬಿಟ್ಟೆ. ಕರಿಬೇವಿನ ಎಸಳು ಮುಷ್ಟಿಯಲ್ಲಿ ಪುಡಿಯಾಗಿತ್ತು.

ಯಜಮಾನರು ಅಂಗಡಿಯಿಂದ ಬಂದ ಕೂಡಲೇ ಒಳಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದೆ.

"ಡೈರೆಕ್ಟ್ ಕೊಟ್ಟಿದೀರಾ?"

"ಮೆಲ್ಲಗೆ ಮಾತಾಡು. ಆ ಸ್ವಿಚ್ಚೇ ವೀಕು ಕಣೇ. ಸುಮ್ ಸುಮ್ನೆ ಬೀಳುತ್ತೆ. ಸೋರಿದ್ದು ನೆಲಕ್ಕೆ ಹೋಗೋಕೆ ಅರ್ತ್ ಇದೆಯಲ್ಲ, ಏನೂ ಆಗಲ್ಲ. ನಾನೇ ನೀರಿಗೆ ಕೈ ಇಟ್ಟು ನೋಡಿದೀನಿ."

"ರಬ್ಬರ್ ಚಪ್ಪಲಿ ಹಾಕ್ಕೊಂಡು ನೋಡಿದ್ರಿ, ಶಾಕ್ ಹೆಂಗೆ ಹೊಡ್ಯುತ್ತೆ? ಅತ್ತೆ ಚಪ್ಪಲಿ ಹಾಕ್ಕೊಂಡು ಇಳೀತಾರಾ?"

ಅವರು ಸ್ಕೂಟರಿನ ಕೀ ಗೂಟಕ್ಕೆ ಹಾಕಿದರು. ಆಮೇಲೆ ನನ್ನ ಮುಖ ನೋಡದೆ, "ಅಮ್ಮಂಗೆ ಹೇಳ್ಬೇಡ. ನಿನ್ನ ಹೆದ್ರಿಕೆ ಅವಳಿಗೂ ಅಂಟಿಕೊಂಡ್ರೆ ಜನ್ಮದಲ್ಲಿ ನೀರಿಗಿಳ್ಯಲ್ಲ. ಮಂಡಿ ಪೂರ್ತಿ ಹಿಡ್ಕೊಂಡ್ರೆ ಎತ್ಕೊಂಡು ತಿರುಗ್ತೀಯಾ? ಸರಿ ಮಾಡ್ತೀನಿ ಬಿಡು" ಎಂದರು.

ಯಾವಾಗ ಎಂದು ಹೇಳಲಿಲ್ಲ. ಅತ್ತೆ ನಾಳೆ ಬೆಳಿಗ್ಗೆ ಮತ್ತೆ ಇಳಿಯುತ್ತಾರೆ. ನಮ್ಮ ಮನೆಯಲ್ಲಿ ನನ್ನ ಹೆದರಿಕೆಯ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ, ಆದರೆ ದೇವರ ಮಾತಿಗೆ ಎಲ್ಲರೂ ತಲೆ ಬಾಗಿಸುತ್ತಾರೆ. ಹಾಗಾಗಿ ಸಂಜೆ ದೀಪ ಹಚ್ಚುವಾಗ ಅತ್ತೆಯ ಹತ್ತಿರ ಮೆಲ್ಲಗೆ ಮಾತು ತೆಗೆದೆ.

"ಅತ್ತೆ, ಮೋಟರ್ ಬಿಚ್ಚಿ ಮತ್ತೆ ಕೂರ್ಸಿದ್ರು. ಗಂಗಮ್ಮಂಗೆ ಪೂಜೆ ಮಾಡ್ದೇ ನೀವು ಇಳಿದುಬಿಟ್ರಲ್ಲ. ನಂಗ್ಯಾಕೋ ಮನಸ್ಸಿಗೆ ಸರಿ ಬರ್ಲಿಲ್ಲ."

ಅತ್ತೆ ಕೆನ್ನೆ ಕೆನ್ನೆ ಬಡಿದುಕೊಂಡರು. "ನೋಡಿದ್ಯಾ, ಮಂಡಿ ನೋವಲ್ಲಿ ಮರ್ತೇಹೋಯ್ತು. ನಿಮ್ಮಾವ ಇದ್ದಾಗ ಮೋಟರ್ ಎತ್ತಿ ಇಳಿಸಿದ್ರೆ ಪೂಜೆ ಆಗೋ ತನಕ ಒಂದು ಬಿಂದಿಗೆ ನೀರು ಮುಟ್ತಿರ್ಲಿಲ್ಲ. ಶುಕ್ರವಾರ ಮಾಡೋಣ. ಅಲ್ಲೀತಂಕ ನಾನು ಇಳ್ಯಲ್ಲಪ್ಪ."

ಗೆದ್ದೆ ಎಂದುಕೊಂಡೆ. ಶುಕ್ರವಾರದೊಳಗೆ ಇವರ ಕೈಯಲ್ಲಿ ಆ ವೈರು ಕೀಳಿಸದಿದ್ದರೆ ನನ್ನ ಹೆಸರು ಬೇರೆ ಇಡಿ ಎಂದುಕೊಂಡೆ. ಆ ದಿನಗಳಲ್ಲಿ ಅವರಿಗೆ ಊಟ ಬಡಿಸುವಾಗ ಅದೇ ಮಾತು, ಕಾಫಿ ಕೊಡುವಾಗ ಅದೇ ಮಾತು. ಬುಧವಾರ ಅವರು ಗೂಡಿನಿಂದ ಬಂದು ಕೈ ತೊಳೆದುಕೊಳ್ಳುತ್ತಾ, "ಆಯ್ತು ಮಹಾತಾಯಿ, ಸರಿ ಮಾಡ್ದೆ" ಎಂದರು. ಓಡಿ ಹೋಗಿ ನೋಡಿದೆ. ಗೂಡಿನೊಳಗೆ ಸ್ವಿಚ್ಚು, ವೈರು ಎಲ್ಲ ಸೇರಿಸಿ ಪ್ಲಾಸ್ಟಿಕ್ ಪೆಟ್ಟಿಗೆಯ ಮುಚ್ಚಳ ಹಾಕಿ ಸ್ಕ್ರೂ ಬಿಗಿದಿದ್ದರು. ಆರಿಸುವ ಗುಂಡಿ ಒಂದು ಮಾತ್ರ ಹೊರಗಿತ್ತು. ಹಿಡಿ ಮೇಲಿದೆಯೋ ಕೆಳಗಿದೆಯೋ ಕಾಣದು. ಮುಚ್ಚಳ ಬಿಚ್ಚಿ ತೋರಿಸಿ ಎಂದೆ. "ಗಂಡನ ಮಾತಿಗೆ ಅಷ್ಟೂ ನಂಬಿಕೆ ಇಲ್ವಾ?" ಎಂದು ಮುಖ ಊದಿಸಿಕೊಂಡು ಹೋದರು. ನಾನೇ ಬಿಚ್ಚೋಣವೆಂದರೆ ಆ ಪೆಟ್ಟಿಗೆಗೆ ಬೆರಳು ತಾಗಿಸುವ ಧೈರ್ಯ ನನಗಿಲ್ಲ. ನಂಬಿದೆನೋ ಇಲ್ಲವೋ, ಸುಮ್ಮನಾದೆ.

ಶುಕ್ರವಾರ ಬೆಳಿಗ್ಗೆ ಮಳೆ ನಿಂತು ಹೊಳವಾಗಿತ್ತು. ತೊಟ್ಟಿಯ ಮೊದಲ ಮೆಟ್ಟಿಲಿಗೆ ಅರಿಶಿನ ಬಳಿದು, ಕುಂಕುಮ ಇಟ್ಟು, ಹೂವು, ಹಣ್ಣು, ತೆಂಗಿನಕಾಯಿ ಜೋಡಿಸಿದೆ. ಮೋಟರಿನ ಗೂಡಿಗೂ ಅತ್ತೆ ಒಂದು ಮೊಳ ಹೂವು ಹಾಕಿಸಿದರು. ಅತ್ತೆ ಪೂಜೆ ಮಾಡಿ ಇಳಿಯುತ್ತಾರೆ, ಅವರು ಇಳಿಯುವ ಮುಂಚೆ ಗೇಟಿನ ಹತ್ತಿರದ ಮೇನ್ ಆರಿಸಿಯಾದರೂ ಮೋಟರ್ ನಿಲ್ಲಿಸಿಬಿಡಬೇಕು ಎಂಬುದು ನನ್ನ ಲೆಕ್ಕ. ಎಲ್ಲ ಆದ ಮೇಲೆ ಅತ್ತೆ ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

"ಬಾ, ನೀನು ಮಾಡು."

"ನಾನಾ?"

"ಮತ್ತೆ ನಾನು ಮಾಡೋಕಾಗುತ್ತಾ? ಗಂಗಮ್ಮಂಗೆ ಮೊದ್ಲು ಕಾಲಿಡೋಳು ಮುತ್ತೈದೆ ಆಗ್ಬೇಕು. ಅರಿಶಿನ ಕುಂಕುಮ ಬಿಟ್ಟು, ಮೆಟ್ಲಿಳಿದು, ಬೊಗಸೇಲಿ ನೀರು ತಗೊಂಡು ತಲೆಗೆ ಪ್ರೋಕ್ಷಣೆ ಮಾಡ್ಕೋ. ಮೋಟರ್ ಹಾಕೋ ಮಗ, ಗಂಗೆ ನಡೀತಾ ಇರ್ಬೇಕು. ನಿಮ್ಮಪ್ಪ ಪೈಪಿಂದ ನೀರು ಧುಮುಕ್ತಾ ಇದ್ದಾಗ್ಲೇ ಪೂಜೆ ಮಾಡಿಸ್ತಿದ್ರು."

ಗಂಡ ಸತ್ತವರು ಮೊದಲು ಮುಟ್ಟಬಾರದು ಎಂಬ ಆ ಶಾಸ್ತ್ರ ನನಗೆ ಎಂದೂ ಹಿಡಿಸಿದ್ದಲ್ಲ. ಅದು ಅವತ್ತು ನನ್ನ ಕುತ್ತಿಗೆಗೇ ಬಂತು. ಅತ್ತೆಯನ್ನು ನೀರಿನಿಂದ ದೂರ ಇಡಲು ನಾನು ಹೂಡಿದ ಪೂಜೆ ನನ್ನನ್ನೇ ನೀರಿನ ಅಂಚಿಗೆ ತಂದು ನಿಲ್ಲಿಸಿತ್ತು.

ಗುಂಡಿ ಒತ್ತಿದ ಸದ್ದಾಯಿತು. ಮೋಟರು ಗುಂಯ್ ಎಂದಿತು. ಕಿಂಡಿಯ ಮುಂದೆ ನೀರು ಉಕ್ಕತೊಡಗಿತು. ಯಜಮಾನರು ಗೂಡಿನಿಂದ ಈಚೆಗೆ ಬಂದು ನಿಂತರು. ಸ್ನಾನ ಮಾಡಿ ಪಂಚೆ ಉಟ್ಟಿದ್ದರು, ಹಣೆಗೆ ವಿಭೂತಿ ಇಟ್ಟಿದ್ದರು. ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು.

"ಲೋ, ಪೂಜೆ ಕಣೋ! ಬಿಡೋ ಚಪ್ಪಲೀನ" ಎಂದರು ಅತ್ತೆ.

"ನೆಲ ಥಂಡಿ ಅಮ್ಮ. ಶೀತ ಆಗಿದೆ."

ನಮ್ಮ ಯಜಮಾನರು ಆಯುಧಪೂಜೆಯ ದಿನ ಸ್ಕೂಟರಿನ ಮುಂದೆ ನಿಲ್ಲುವಾಗಲೂ ಚಪ್ಪಲಿ ಬಿಡುವ ಮನುಷ್ಯ. ಸೋಮವಾರ ಆಣಿ, ಶುಕ್ರವಾರ ಶೀತ. ನನಗೆ ಮುಚ್ಚಳ ಬಿಚ್ಚಿ ನೋಡಬೇಕಾಗಿರಲಿಲ್ಲ. ಪೆಟ್ಟಿಗೆಯೊಳಗೆ ಹಿಡಿ ಇನ್ನೂ ಕೆಳಗೇ ಇದ್ದದ್ದು ಅವರ ಕಾಲು ನೋಡಿಯೇ ತಿಳಿಯಿತು.

ಹೆದರಿಕೆಯ ಜೊತೆಗೇ ಸಿಟ್ಟು ನೆತ್ತಿಗೇರಿತು. ಅತ್ತೆಗೆ ಹೇಳಿಬಿಡಬಹುದಿತ್ತು. ಆದರೆ ಯಜಮಾನರೇ ಬಾಯಿಬಿಟ್ಟು ಹೇಳಲಿ ಅನ್ನಿಸಿತು. ಅರಿಶಿನ ಕುಂಕುಮದ ಬಟ್ಟಲು ಎಡಗೈಗೆ ತೆಗೆದುಕೊಂಡು, ಬಲಗೈಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು ಅವರನ್ನೇ ನೋಡಿದೆ.

"ರೀ, ಕಾಲಿಡ್ಲಾ?"

ಅವರು ಹ್ಞೂಂ ಎಂದರೋ, ಗಂಟಲು ಸರಿಮಾಡಿಕೊಂಡರೋ ಗೊತ್ತಾಗಲಿಲ್ಲ.

"ಕೇಳಿಸ್ಲಿಲ್ಲ. ಇಡ್ಲಾ?"

"ಏನಮ್ಮ ಅವ್ನನ್ನ ಕೇಳೋದು, ಇಡು. ಹೊತ್ತಾಯ್ತು" ಎಂದರು ಅತ್ತೆ.

ನಾನು ಅವರ ಮುಖದಿಂದ ಕಣ್ಣು ತೆಗೆಯದೆ ಬಲಗಾಲು ಎತ್ತಿದೆ. ಕಾಲುಂಗುರದ ಕೆಳಗೆ ನೀರು ಅಲುಗಾಡುತ್ತಿತ್ತು. ಪಾದ ಇಳಿಯುತ್ತಿತ್ತು. ಅವರ ಮುಖದ ರಕ್ತ ಇಳಿದುಹೋದದ್ದನ್ನು ನಾನು ಕಂಡೆ.

"ಬೇಡ! ಮುಟ್ಬೇಡ ಕಣೇ, ಮುಟ್ಬೇಡ!"

ಬೀದಿಗೆಲ್ಲ ಕೇಳುವ ಹಾಗೆ ಕೂಗಿ, ಎಡವಿ, ಗೂಡಿನೊಳಗೆ ನುಗ್ಗಿ ಮೋಟರ್ ಆರಿಸಿದರು. ನನ್ನ ಕೈಯ ಬಟ್ಟಲು ಜಾರಿ ನೀರಿಗೆ ಬಿದ್ದು, ಕುಂಕುಮ ನಿಧಾನವಾಗಿ ಹರಡಿಕೊಂಡಿತು. ಅವರು ಕೂಗದೆ ಇದ್ದಿದ್ದರೆ ನಾನು ಕಾಲಿಡುತ್ತಿದ್ದೆನೇ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಗೊತ್ತಿಲ್ಲ.

ಅತ್ತೆ ಕೈಯಲ್ಲಿ ತೆಂಗಿನಕಾಯಿ ಹಿಡಿದು ನಿಂತಿದ್ದರು. "ಏನೋ ಇದೆ ನೀರಲ್ಲಿ?" ಎಂದರು.

ಗೂಡಿನ ಬಾಗಿಲಿಗೆ ಒರಗಿಕೊಂಡು ಮಗ ಎಲ್ಲ ಹೇಳಿದರು. ಸ್ವಿಚ್ಚು ಬೀಳುತ್ತಿದ್ದದ್ದು, ಡೈರೆಕ್ಟ್ ಕೊಟ್ಟದ್ದು, ಮುಚ್ಚಳ ಹಾಕಿ ನನ್ನ ಬಾಯಿ ಮುಚ್ಚಿಸಿದ್ದು. ಏನೂ ಆಗುವುದಿಲ್ಲ ಎಂದೇ ಅಂದುಕೊಂಡಿದ್ದೆ ಎಂದರು.

ಅತ್ತೆ ಮಗನ ಕಾಲನ್ನೇ ನೋಡಿದರು. ಆಮೇಲೆ, "ಸೋಮವಾರ ನಾನು ಇಳಿದಾಗ ಯಾಕೋ ಕೂಗ್ಲಿಲ್ಲ?" ಎಂದು ಕೇಳಿದರು. ಸಿಟ್ಟಿನಿಂದ ಕೇಳಲಿಲ್ಲ. ಮೆಲ್ಲಗೆ ಕೇಳಿದರು.

"ಅವತ್ತು ಹೆದ್ರಿಕೆ ಆಗ್ಲಿಲ್ಲಮ್ಮ."

"ಅವತ್ತೂ ನೀನು ಚಪ್ಪಲಿ ಬಿಟ್ಟಿರ್ಲಿಲ್ಲ ಮಗ."

ಅತ್ತೆ ಕಾಯಿಯನ್ನು ಮೆಟ್ಟಿಲ ಮೇಲಿಟ್ಟು ಗೋಡೆ ಹಿಡಿದುಕೊಂಡು ಒಳಗೆ ಹೋದರು. ನಾನು ಕೈ ಕೊಡಲು ಹೋದೆ. ಬೇಡ ಎಂದರು.

ಯಜಮಾನರು ಅವತ್ತೇ ಮೋಟರನ್ನು ಸ್ಕೂಟರಿನ ಮೇಲಿಟ್ಟುಕೊಂಡು ಮೋಟರಿನ ಸುರುಳಿ ಹೊಸದಾಗಿ ಸುತ್ತಿಕೊಡುವ ಸುದ್ದಗುಂಟೆಪಾಳ್ಯದ ವೈಂಡಿಂಗ್ ಅಂಗಡಿಗೆ ಕೊಟ್ಟು ಬಂದರು. ಒಳಗೆ ತೇವ ಹಾಗೇ ಇತ್ತಂತೆ, ಒಂದು ಕಡೆ ತಾಮ್ರದ ತಂತಿಯ ಮೈ ಸುಲಿದು ಮೋಟರಿನ ಕಬ್ಬಿಣಕ್ಕೆ ತಾಗುತ್ತಿತ್ತಂತೆ. ಇದನ್ನು ಅವರೇ ಬಂದು ಅತ್ತೆಯ ಮುಂದೆ ನಿಂತು ಹೇಳಿದರು. ಅತ್ತೆ ಹ್ಞೂಂ ಎಂದು ಸೊಪ್ಪು ಬಿಡಿಸುತ್ತಾ ಕೂತರು. ಹೊಸ ಟ್ರಿಪ್ ಸ್ವಿಚ್ಚು ಬಂತು, ಹೊಸ ಅರ್ತ್ ಗುಂಡಿ ತೋಡಿಸಿದ್ದಾಯಿತು, ಗೂಡಿನ ಪೆಟ್ಟಿಗೆಗೆ ಒಳಗೆಲ್ಲ ಕಾಣುವ ಗಾಜಿನಂಥ ಮುಚ್ಚಳ ಬಂತು. ಇಷ್ಟಾದರೂ ಅತ್ತೆ ನೀರಿಗಿಳಿಯಲಿಲ್ಲ. ಶ್ರಾವಣ ಕಳೆಯಿತು. ತೊಟ್ಟಿಯ ನೀರು ಸುಮ್ಮನೆ ಸುತ್ತುತ್ತಿತ್ತು. ಅತ್ತೆ ಮಂಡಿಗೆ ಎಣ್ಣೆ ತಿಕ್ಕಿಕೊಂಡು ನರಳುತ್ತಿದ್ದರು.

ಒಂದು ಬೆಳಿಗ್ಗೆ ಯಜಮಾನರು ಹಿತ್ತಲ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಮೋಟರ್ ಹಾಕಿದರು. ಪಂಚೆ ಎತ್ತಿ ಕಟ್ಟಿ ಬರಿಗಾಲಲ್ಲಿ ತೊಟ್ಟಿಗಿಳಿದು, ಸ್ಟೀಲ್ ಕಂಬಿ ಹಿಡಿದು, ಎದೆಮಟ್ಟದ ನೀರಿನಲ್ಲಿ ನಿಂತರು. ತಣ್ಣೀರು ಎಂದರೆ ಆಗದ ಮನುಷ್ಯ, ಹಲ್ಲು ಕಟಕಟ ಎನ್ನುತ್ತಿತ್ತು. ನಾನು ಸ್ವಿಚ್ಚಿನ ಹಿಡಿ ಮೇಲಿರುವುದನ್ನು ಕಣ್ಣಾರೆ ನೋಡಿದ್ದೆ. ಆದರೂ ಒಲೆ ಆರಿಸಿ ಬಂದು ಅಲ್ಲೇ ನಿಂತಿದ್ದೆ. ಅತ್ತೆ ಕಿಟಕಿಯಿಂದ ನೋಡಿದರು. ಆಮೇಲೆ ಗೋಡೆ ಹಿಡಿದುಕೊಂಡು ಬಂದು ಸೀರೆ ಎತ್ತಿ ಕಟ್ಟಿಕೊಂಡರು.

ಈಗ ದಿನಾ ಹಾಗೆಯೇ. ಮೊದಲು ಮಗ ಇಳಿದು ನಿಲ್ಲುತ್ತಾರೆ, ಆಮೇಲೆ ಅತ್ತೆ. ನೆಗಡಿಯಾಗಿದ್ದ ಒಂದು ದಿನ ಯಜಮಾನರು ಮರೆತು ಚಪ್ಪಲಿಯಲ್ಲೇ ಹಿತ್ತಲಿಗೆ ಬಂದು, ನೀರಿಗಿಳಿಯದೆ ಪಕ್ಕದಲ್ಲಿ ನಿಂತು, "ಇಳಿ ಅಮ್ಮ, ಎಲ್ಲ ಸರಿ ಇದೆ" ಎಂದರು. ಹಿಡಿ ಮೇಲೇ ಇತ್ತು, ನಾನೂ ನೋಡಿದ್ದೆ. ಅತ್ತೆ ಮೊದಲ ಮೆಟ್ಟಿಲ ಮೇಲೆ ಕಾಲಿಡಲು ಹೋದವರು ಮಗನ ಕಾಲು ನೋಡಿದರು. ಕಾಲು ಹಿಂದಕ್ಕೆ ತೆಗೆದುಕೊಂಡು, ಅಲ್ಲೇ ಕಲ್ಲಿನ ಮೇಲೆ ಕೂತು, ಅವರು ಚಪ್ಪಲಿ ಬಿಡುವ ತನಕ ಕಾದರು.